ಸೈಟ್ ಡೈರಿ ಬರೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟ್ ಡೈರಿ ಅಂದರೆ ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ಅವತ್ತು ಆದದ್ದನ್ನು ಅವತ್ತೇ ಬರೆದಿಡುವ ಪುಸ್ತಕ. ನಾನು ಸಿವಿಲ್ ಓದಿ ಸೈಟಿಗೆ ಇಳಿದು ಇಪ್ಪತ್ತು ವರ್ಷ ಆಗುತ್ತಾ ಬಂತು. ಮೊದಲ ಅರ್ಧ ಕಾಂಟ್ರಾಕ್ಟರ್ ಕಡೆ ಇದ್ದೆ, ಈಗ ಓನರ್ ಕಡೆ ಇದ್ದೇನೆ. ಹಾಗಾಗಿ ಜಗಳಗಳನ್ನು ಎರಡೂ ದಡದಲ್ಲಿ ನಿಂತು ನೋಡಿದ್ದೇನೆ. ಮನೆ ಕಟ್ಟಿಸುವವರು, ಹೊಸದಾಗಿ ಸೈಟಿಗೆ ಬಂದ ಹುಡುಗರು, ಮೇಸ್ತ್ರಿಗಳು ಫೋನಲ್ಲಿ, ಪತ್ರದಲ್ಲಿ, ಸೈಟ್ ಪಕ್ಕದ ಟೀ ಅಂಗಡಿಯಲ್ಲಿ ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ನಂದು ಬರೀ 30×40 ಮನೆ ಸರ್. ಇದಕ್ಕೂ ಡೈರಿ ಬೇಕಾ?

ಬೇಕು. ದೊಡ್ಡ ಕಂಪನಿಯಲ್ಲಾದರೆ ಬರೆಯೋಕೆ ಅಂತಲೇ ಜನ ಇರುತ್ತಾರೆ. ಕಾಗದದ ಮೇಲೆ ಏನೂ ಇಲ್ಲದೆ ನಡೆಯುವುದು ಚಿಕ್ಕ ಮನೆ ಕೆಲಸವೇ. ಪಾಯ ತೆಗೆದ ದಿನದಿಂದ ಗೃಹಪ್ರವೇಶದ ತನಕ ಹತ್ತು ತಿಂಗಳು, ಒಂದು ವರ್ಷ ಆಗುತ್ತದೆ. ಅಷ್ಟರಲ್ಲಿ ಎಷ್ಟು ಲೋಡ್ ಜಲ್ಲಿ ಬಂತು, ಮೆಟ್ಟಿಲು ತಿರುಗಿಸಿ ಅಂದವರು ಯಾರು, ಸಂಪಿಗೆ ಎಷ್ಟು ಚೀಲ ಸಿಮೆಂಟ್ ಹೋಯಿತು, ಇದ್ಯಾವುದೂ ಯಾರ ತಲೆಯಲ್ಲೂ ಸರಿಯಾಗಿ ಉಳಿದಿರುವುದಿಲ್ಲ. ಕೊನೆಯ ಬಿಲ್ಲಿನ ಹೊತ್ತಿಗೆ ಇಬ್ಬರ ನೆನಪೂ ಬೇರೆ ಬೇರೆ ಆಗಿರುತ್ತದೆ. ಇಬ್ಬರೂ ಪ್ರಾಮಾಣಿಕರೇ ಇರಬಹುದು, ಆದರೂ ಜಗಳ ಆಗುತ್ತದೆ. ದಿನಕ್ಕೆ ಹತ್ತು ನಿಮಿಷ, ಒಂದು ಪುಟ ಸಾಕು.

ದಿನಾ ಏನೇನು ಬರೀಬೇಕು? ಒಂದು ಪುಟ ತೋರಿಸಿಬಿಡಿ, ಅರ್ಥ ಆಗುತ್ತೆ.

ನನ್ನ ಹಳೇ ಪುಸ್ತಕದ್ದೇ ಒಂದು ಪುಟ ನೋಡಿ. ಹೆಸರುಗಳನ್ನು ತೆಗೆದಿದ್ದೇನೆ. ಇದರಲ್ಲಿ ಬಾರ್ ಬೆಂಡರ್ ಅಂದರೆ ಕಂಬಿ ಕಟ್ಟುವವರು, ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿದ ಮರಳು, ಚಲನ್ ಅಂದರೆ ಮಾಲಿನ ಜೊತೆ ಬರುವ ಚೀಟಿ, ಲಿಂಟಲ್ ಅಂದರೆ ಬಾಗಿಲು ಕಿಟಕಿಗಳ ಮೇಲಿನ ಕಾಂಕ್ರೀಟ್ ಪಟ್ಟಿ.

> ಪುಟ 63. 14-06-2023, ಬುಧವಾರ.
> ಹವೆ: ಬೆಳಿಗ್ಗೆ ಮೋಡ. ಮಧ್ಯಾಹ್ನ 3:10ರಿಂದ 4:30ರವರೆಗೆ ಜೋರು ಮಳೆ.
> ಆಳು: ಗಾರೆಯವರು 2, ಗಂಡಾಳು 2, ಹೆಣ್ಣಾಳು 1. ಬಾರ್ ಬೆಂಡರ್ 2, ಮಧ್ಯಾಹ್ನ 12ರಿಂದ. ಎಲೆಕ್ಟ್ರಿಷಿಯನ್ ಬರಲಿಲ್ಲ, ಇದು ಎರಡನೇ ದಿನ.
> ಕೆಲಸ: ಮೊದಲ ಮಹಡಿ, ಪೂರ್ವ ಮತ್ತು ಉತ್ತರದ ಗೋಡೆ, 6 ಇಂಚಿನ ಸಾಲಿಡ್ ಬ್ಲಾಕ್. ಒಟ್ಟು ಉದ್ದ 52 ಅಡಿ. 4 ಅಡಿಯಿಂದ 7 ಅಡಿಗೆ ಬಂತು.
> ಸಿಮೆಂಟ್: ಬೆಳಿಗ್ಗೆ 41 ಚೀಲ. ಬಂದದ್ದು 0. ಹೋದದ್ದು 3. ಸಂಜೆ ಎಣಿಸಿದ್ದು 38.
> ಮಾಲು: ಎಂ-ಸ್ಯಾಂಡ್ 1 ಲೋಡ್, 10:40ಕ್ಕೆ. ಟಿಪ್ಪರಲ್ಲೇ ಅಳೆದೆ. ಚಲನ್ ಅಂಟಿಸಿದೆ.
> ನಿಂತದ್ದು: ಮಳೆಗೆ 3:10ಕ್ಕೆ ನಿಂತಿತು. ಮತ್ತೆ ಶುರು ಆಗಲಿಲ್ಲ. ಆಳುಗಳಿಗೆ ಮುಕ್ಕಾಲು ದಿನ.
> ಮಾತು: 11:20ಕ್ಕೆ ಓನರ್ ಬಂದರು. ಅಡುಗೆಮನೆ ಕಿಟಕಿ 4 ಅಡಿ ಇರೋದನ್ನ 5 ಅಡಿ ಮಾಡಿ ಅಂದರು. ಲಿಂಟಲ್ ಕಂಬಿ ಬದಲಾಗುತ್ತೆ, ಎಕ್ಸ್‌ಟ್ರಾ ಬೀಳುತ್ತೆ ಅಂದೆ. ಸರಿ ಅಂದರು. ಸಂಜೆ ವಾಟ್ಸಾಪಲ್ಲಿ ಹಾಕಿದೆ.
> ಸಹಿ: ನಾನು, ಮೇಸ್ತ್ರಿ.

ಇಷ್ಟೇ. ಇದರಲ್ಲಿ ಅಭಿಪ್ರಾಯ ಒಂದೂ ಇಲ್ಲ, ಗಮನಿಸಿ. "ಕೆಲಸ ಚೆನ್ನಾಗಿ ನಡೆಯಿತು" ಅಂತ ಬರೆದರೆ ಆರು ತಿಂಗಳ ಮೇಲೆ ಅದರಿಂದ ಏನೂ ಗೊತ್ತಾಗಲ್ಲ. "4 ಅಡಿಯಿಂದ 7 ಅಡಿಗೆ ಬಂತು" ಅಂದರೆ ಗೊತ್ತಾಗುತ್ತದೆ. ಹಾಗೆಯೇ "ಎಲೆಕ್ಟ್ರಿಷಿಯನ್ ಬೇಜವಾಬ್ದಾರಿ" ಅಂತ ಬರೆಯಬೇಡಿ. ಬರಲಿಲ್ಲ, ಎರಡನೇ ದಿನ. ಓದಿದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಯಾರು ಬರೀಬೇಕು? ಓನರ್ರಾ, ಇಂಜಿನಿಯರ್ರಾ, ಮೇಸ್ತ್ರಿನಾ?

ದಿನಾ ಸೈಟಲ್ಲಿ ಯಾರು ಇರುತ್ತಾರೋ ಅವರು. ಇಂಜಿನಿಯರ್ ವಾರಕ್ಕೆ ಎರಡು ಸಲ ಬಂದು ಹೋಗುವವರಾದರೆ ಅವರು ಬರೆದ ಡೈರಿ ಅರ್ಧ ಕೇಳಿದ್ದೇ ಆಗಿರುತ್ತದೆ. ಅಂಥ ಕಡೆ ಮೇಸ್ತ್ರಿ ಅಥವಾ ಸೂಪರ್‌ವೈಸರ್ ಬರೆಯಲಿ. ಇಂಜಿನಿಯರ್ ಬಂದ ದಿನ ಓದಿ, ತಾನು ಕಂಡದ್ದನ್ನು ಕೆಳಗೆ ಬೇರೆಯಾಗಿ ಬರೆದು ಸಹಿ ಹಾಕಲಿ.

ಓನರ್ ಕೂಡ ತಮ್ಮದೇ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಅದನ್ನು ಕಾಂಟ್ರಾಕ್ಟರ್ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟು, ಕೊನೇ ದಿನ ಅಸ್ತ್ರದ ಹಾಗೆ ಹೊರತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಏನಾದರೂ ತಪ್ಪು ಕಂಡರೆ ಅವತ್ತೇ ಹೇಳಿ. ಅವತ್ತಾದರೆ ಸರಿ ಮಾಡಬಹುದು.

ನಮ್ಮ ಮೇಸ್ತ್ರಿಗೆ ಓದು ಬರಹ ಅಷ್ಟಾಗಿ ಬರಲ್ಲ. ಏನು ಮಾಡೋದು?

ನಾನು ಕಂಡ ಅತಿ ಒಳ್ಳೆಯ ಲೆಕ್ಕ ಒಬ್ಬ ಹಿರಿಯ ಮೇಸ್ತ್ರಿಯದು. ಅವರು ಗೋದಾಮಿನ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಒಂದು ಚೀಲಕ್ಕೆ ಒಂದು ಗೆರೆ, ಐದಕ್ಕೆ ಅಡ್ಡ ಗೆರೆ. ಒಂದು ಚೀಲವೂ ತಪ್ಪುತ್ತಿರಲಿಲ್ಲ. ಅಂಥವರಿಗೆ ಸಂಜೆ ಒಂದು ಫೋನ್ ಮಾಡಿ, ಅವರು ಹೇಳಿದ್ದನ್ನು ನೀವು ಬರೆದುಕೊಳ್ಳಿ. ಇಲ್ಲವಾದರೆ ವಾಯ್ಸ್ ಮೆಸೇಜ್ ಹಾಕಲು ಹೇಳಿ. ಎಷ್ಟು ಆಳು, ಏನು ಕೆಲಸ, ಎಷ್ಟು ಚೀಲ, ಏನು ಬಂತು, ಯಾಕೆ ನಿಂತಿತು. ಇವೈದು ದಿನಾ ಅದೇ ಸಾಲಿನಲ್ಲಿ ಬಂದರೆ ಸಾಕು. ಮರುದಿನ ಪುಟ ಓದಿ ಹೇಳಿ, ಆಮೇಲೆ ಸಹಿ ತಗೊಳ್ಳಿ. ಓದಿ ಹೇಳದೆ ಸಹಿ ಹಾಕಿಸಿಕೊಳ್ಳಬೇಡಿ.

ಕನ್ನಡದಲ್ಲಿ ಬರೆದ್ರೆ ನಡೆಯುತ್ತಾ?

ಧಾರಾಳವಾಗಿ. ಸಹಿ ಹಾಕುವವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯುವುದೇ ಸರಿ.

ಕೆಲಸವೇ ನಡೀದೇ ಇರೋ ದಿನ ಏನು ಬರೆಯೋದು?

ಕೆಲಸ ಇರಲಿಲ್ಲ ಅಂತಲೇ ಬರೆಯಿರಿ, ಯಾಕೆ ಅಂತಲೂ ಬರೆಯಿರಿ. ಯುಗಾದಿಗೆ ಬಾರ್ ಬೆಂಡರ್‌ಗಳು ಊರಿಗೆ ಹೋದವರು ಎಂಟು ದಿನ ಬರಲಿಲ್ಲ ಅನ್ನುವುದು ಮುಖ್ಯವಾದ ವಿಷಯವೇ. ಖಾಲಿ ಬಿಟ್ಟ ತಾರೀಖು ಅನುಮಾನಕ್ಕೆ ಜಾಗ ಕೊಡುತ್ತದೆ. ಆಮೇಲೆ ಯಾರಾದರೂ ಅಲ್ಲಿ ಏನಾದರೂ ಸೇರಿಸಿದರೂ ಗೊತ್ತಾಗುವುದಿಲ್ಲ.

## ಆಳು ಮತ್ತು ಮಾಲು

ಹಾಜರಿ ಪುಸ್ತಕ ಬೇರೆ ಇದೆಯಲ್ಲ, ಡೈರೀಲೂ ಆಳಿನ ಲೆಕ್ಕ ಯಾಕೆ?

ಹಾಜರಿ ಪುಸ್ತಕ ಇರುವುದು ಬಟವಾಡೆಗೆ. ಶನಿವಾರ ಯಾರಿಗೆ ಎಷ್ಟು ಅನ್ನುವುದು ಅದರಲ್ಲಿ ಸಿಗುತ್ತದೆ. ಆದರೆ ಆ ಆಳುಗಳು ಏನು ಮಾಡಿದರು ಅಂತ ಅದು ಹೇಳುವುದಿಲ್ಲ. ಡೈರಿಯಲ್ಲಿ ಆಳು ಮತ್ತು ಕೆಲಸ ಅಕ್ಕಪಕ್ಕ ಇರುತ್ತವೆ. ಮೂರು ತಿಂಗಳು ಬರೆದರೆ ನಿಮ್ಮ ಸೈಟಲ್ಲಿ ಒಬ್ಬ ಗಾರೆಯವರು ದಿನಕ್ಕೆ ಎಷ್ಟು ಅಡಿ ಪ್ಲಾಸ್ಟರಿಂಗ್ ಮಾಡುತ್ತಾರೆ ಅಂತ ನಿಮಗೇ ತಿಳಿಯುತ್ತದೆ. ಮುಂದಿನ ಕೆಲಸಕ್ಕೆ ರೇಟ್ ಹೇಳುವಾಗ ಅದರಷ್ಟು ಉಪಯೋಗ ಬೇರೆ ಯಾವುದೂ ಆಗುವುದಿಲ್ಲ.

ಅರ್ಧ ಆಳು, ಒಂದೂವರೆ ಆಳು ಅನ್ನುವುದನ್ನು ಗಂಟೆ ಸಮೇತ ಬರೆಯಿರಿ. ಒಂದೂವರೆ ಅಂದರೆ ರಾತ್ರಿ ಎಂಟರವರೆಗೋ ಹತ್ತರವರೆಗೋ ಅನ್ನುವುದು ಒಬ್ಬೊಬ್ಬ ಮೇಸ್ತ್ರಿಗೆ ಒಂದೊಂದು ಥರ.

ಹಾಜರಿಯಿಂದ ಆಳುಗಳಿಗೂ ಒಂದು ಪ್ರಯೋಜನ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನಿಮ್ಮ ಪುಸ್ತಕದಲ್ಲಿ ಅವರ ಹೆಸರು ಪೂರ್ತಿಯಾಗಿದ್ದರೆ, ಕೆಲಸ ಮಾಡಿದ್ದಕ್ಕೆ ಪತ್ರ ಬರೆದು ಕೊಡುವಾಗ ತಡಕಾಡಬೇಕಿಲ್ಲ. ಆದ್ದರಿಂದ "ರಾಯಚೂರಿನವರು 4" ಅಂತ ಬರೆಯುವುದನ್ನು ಬಿಡಿ. ಅವರಿಗೂ ಹೆಸರಿದೆ ಅಲ್ವಾ.

ಸಿಮೆಂಟ್ ಲೆಕ್ಕ ತಾಳೆ ಆಗ್ತಾನೇ ಇಲ್ಲ. ಎಲ್ಲಿ ತಪ್ತಿದೆ?

ಬಹಳಷ್ಟು ಸಲ ಕಳ್ಳತನ ಆಗಿರುವುದಿಲ್ಲ. ಎಣಿಕೆ ಆಗಿರುವುದಿಲ್ಲ, ಅಷ್ಟೇ. "ಇದ್ದದ್ದು, ಬಂದದ್ದು, ಹೋದದ್ದು" ಬರೆದು ಉಳಿದದ್ದನ್ನು ಕಳೆದು ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಲೆಕ್ಕ ಪುಸ್ತಕದಲ್ಲಿ ಯಾವತ್ತೂ ತಾಳೆ ಆಗುತ್ತದೆ, ಗೋದಾಮಿನಲ್ಲಿ ಆಗುವುದಿಲ್ಲ. ಸಂಜೆ ಹೋಗಿ ಚೀಲ ಮುಟ್ಟಿ ಎಣಿಸಿ. ಒಂದರ ಮೇಲೊಂದು ಹತ್ತು ಚೀಲಕ್ಕಿಂತ ಎತ್ತರಕ್ಕೆ ಒಟ್ಟಬೇಡಿ ಅಂತ ಹೇಳುವುದು ಅಡಿಯ ಚೀಲ ಗಟ್ಟಿಯಾಗದಿರಲಿ ಅಂತ. ಎಣಿಸಲೂ ಅದೇ ಸುಲಭ, ಹತ್ತರ ಸಾಲು ನೋಡಿದರೆ ಮುಗಿಯಿತು.

ಎರಡನೇದು, ಯಾವ ಕೆಲಸಕ್ಕೆ ಹೋಯಿತು ಅಂತ ಬರೆಯಿರಿ. ಆಗ ತಾಳೆ ನೋಡಲು ಬರುತ್ತದೆ. ಉದಾಹರಣೆಗೆ 1000 ಚದರಡಿಯ, 5 ಇಂಚು ದಪ್ಪದ ತಾರಸಿ ಅಂದರೆ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್ ಕಾಂಕ್ರೀಟ್. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರರ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲದ ಲೆಕ್ಕ ಹಿಡಿದರೆ 95 ಚೀಲದ ಹತ್ತಿರ. ಬೀಮ್ ಸೇರಿದರೆ ಅದು ಬೇರೆ. ಡೈರಿಯಲ್ಲಿ ಬರೀ ತಾರಸಿಗೆ 130 ಅಂತ ಇದ್ದರೆ ಮೇಸ್ತ್ರಿಯನ್ನು ಕೂರಿಸಿ ಕೇಳಬೇಕು. 70 ಅಂತ ಇದ್ದರೆ ಇನ್ನೂ ಜೋರಾಗಿ ಕೇಳಬೇಕು.

ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಲೋಡ್ ಇಳಿಸಿದ ದಿನವೇ ಅದನ್ನು ಬರೆದುಕೊಳ್ಳಿ. ಮೂರು ತಿಂಗಳು ದಾಟಿದ ಸಿಮೆಂಟನ್ನು ಟೆಸ್ಟ್ ಮಾಡಿಸದೆ ಕಾಲಂಗೆ, ತಾರಸಿಗೆ ಹಾಕಬೇಡಿ.

ಮರಳು, ಜಲ್ಲಿ ಲೋಡ್ ಬಂದಾಗ ಏನು ಬರ್ಕೋಬೇಕು?

ಗಾಡಿ ನಂಬರ್, ಬಂದ ಹೊತ್ತು, ಚಲನ್ ನಂಬರ್, ನೀವು ಅಳೆದ ಅಳತೆ. ಕೊನೆಯದೇ ಮುಖ್ಯ. ಸುರಿದ ಮೇಲೆ ಗುಡ್ಡೆ ಅಳೆಯುವುದು ಕಷ್ಟ, ಟಿಪ್ಪರ್ ಮೇಲೆ ಹತ್ತಿ. ಒಳಗಿನ ಉದ್ದ, ಅಗಲ ಹಿಡಿಯಿರಿ. ಎತ್ತರಕ್ಕೆ ನಾಲ್ಕು ಮೂಲೆ ಮತ್ತು ನಡುವೆ ಒಂದು ಕಂಬಿ ಚುಚ್ಚಿ ನೋಡಿ, ಐದರ ಸರಾಸರಿ ತಗೊಳ್ಳಿ. ನಡುವೆ ಗುಡ್ಡ, ಮೂಲೆಯಲ್ಲಿ ಗುಂಡಿ ಇರುವುದು ಮಾಮೂಲು. 14 ಅಡಿ ಉದ್ದ, 7 ಅಡಿ ಅಗಲದ ಗಾಡಿ 3 ಅಡಿ ತುಂಬಿದರೆ 294 ಘನ ಅಡಿ. ಸರಾಸರಿ ಎರಡೂವರೆ ಅಡಿಯೇ ಇದ್ದರೆ 245. ಡ್ರೈವರ್ "ಫುಲ್ ಲೋಡ್ ಸಾರ್" ಅನ್ನುವುದು ಎರಡಕ್ಕೂ.

ಟನ್ ಲೆಕ್ಕದಲ್ಲಿ ತರಿಸಿದರೆ ಮಾಲು ಹಸಿಯಾಗಿತ್ತಾ ಒಣಗಿತ್ತಾ ಅಂತ ಒಂದು ಪದ ಬರೆಯಿರಿ. ನೀರಿಗೂ ನೀವೇ ದುಡ್ಡು ಕೊಡುತ್ತಿರುತ್ತೀರಿ. ಘನ ಅಡಿ ಲೆಕ್ಕದಲ್ಲಿ ತರಿಸಿದರೂ ಹಸಿ ಮರಳು ಮೋಸ ಮಾಡುತ್ತದೆ. ಸ್ವಲ್ಪ ತೇವ ಇದ್ದರೆ ಕಾಲು ಭಾಗದವರೆಗೂ ಉಬ್ಬಿ ಜಾಸ್ತಿ ಕಾಣುತ್ತದೆ.

ಕಂಬಿ ತೂಕ ಸರಿ ಇದೆಯಾ ಅಂತ ಸೈಟಲ್ಲೇ ನೋಡಬಹುದಾ?

ನೋಡಬಹುದು. ಎಂಎಂ ಲೆಕ್ಕದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಎಂಎಂ ಆದರೆ 0.888. ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ, ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 888 ಗ್ರಾಂ ಹತ್ತಿರ ತೋರಿಸಬೇಕು. ಐದಾರು ಪರ್ಸೆಂಟ್ ಹೆಚ್ಚುಕಮ್ಮಿ ಸಹಜ. 830ಕ್ಕಿಂತ ಕೆಳಗೆ ಬಂದರೆ ಅಂಗಡಿಯವರಿಗೆ ಫೋನ್ ಮಾಡಿ. ಅಳೆದ ತೂಕವನ್ನು ಬ್ರ್ಯಾಂಡ್ ಮತ್ತು ಲೋಡ್ ತಾರೀಖಿನ ಜೊತೆ ಬರೆಯಿರಿ.

## ಕಾಂಕ್ರೀಟ್ ದಿನ

ಮೋಲ್ಡ್ ಹಾಕೋ ದಿನ ಉಸಿರಾಡೋಕೂ ಪುರುಸೊತ್ತಿಲ್ಲ. ಅವತ್ತು ಬರೆಯೋದು ಹೇಗೆ?

ಹಿಂದಿನ ದಿನವೇ ಅರ್ಧ ಪುಟ ಬರೆದಿಡಿ. ಕಂಬಿ ಕಟ್ಟಿದ್ದು ಯಾರು ನೋಡಿದರು, ಕವರ್ ಬ್ಲಾಕ್ (ಕಂಬಿ ಹಲಗೆಗೆ ತಾಗದ ಹಾಗೆ ಅಡಿಗೆ ಇಡುವ ತುಂಡು) ಕೂತಿವೆಯಾ, ಕರೆಂಟ್ ಪೈಪ್ ಹಾಕಿ ಮುಗಿಯಿತಾ, ಕಾಂಕ್ರೀಟ್ ಅದುರಿಸಿ ಕೂರಿಸುವ ಎರಡನೇ ವೈಬ್ರೇಟರ್ ಬಂತಾ, ಇವೆಲ್ಲ ಕಾಂಕ್ರೀಟ್ ಬೀಳುವ ಮುಂಚಿನ ಮಾತು. ಒಮ್ಮೆ ಬಿದ್ದ ಮೇಲೆ ಯಾರೂ ನೋಡಲಾರರು.

ಅವತ್ತು ಬೇಕಾದದ್ದು ಹೆಚ್ಚಾಗಿ ಗಡಿಯಾರದ ಹೊತ್ತು. ಜೇಬಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಆರ್‌ಎಂಸಿ, ಅಂದರೆ ಪ್ಲಾಂಟಲ್ಲೇ ಕಲಸಿದ ಕಾಂಕ್ರೀಟಿನ ಗಾಡಿ ಬಂದರೆ ಪ್ಲಾಂಟಲ್ಲಿ ತುಂಬಿದ ಹೊತ್ತು, ಗೇಟಿಗೆ ಬಂದ ಹೊತ್ತು, ಸುರಿದು ಮುಗಿದ ಹೊತ್ತು. ಮೊದಲನೆಯದು ಸ್ಲಿಪ್ಪಿನಲ್ಲೇ ಇರುತ್ತದೆ. ಸಾಮಾನ್ಯವಾಗಿ ತುಂಬಿದ ಎರಡು ಗಂಟೆಯೊಳಗೆ ಸುರಿದು ಆಗಬೇಕು. ಬೆಂಗಳೂರಿನ ಟ್ರಾಫಿಕ್ಕಲ್ಲಿ ಇದು ಎಷ್ಟು ಬೇಗ ಜಾರುತ್ತದೆ ಅಂತ ಹೇಳಬೇಕಿಲ್ಲ. ಯಾವ ಗಾಡಿಯ ಮಾಲು ತಾರಸಿಯ ಯಾವ ಮೂಲೆಗೆ ಹೋಯಿತು ಅಂತ ಪ್ಲಾನಿನ ಜೆರಾಕ್ಸ್ ಮೇಲೆ ಪೆನ್ನಲ್ಲಿ ಸುತ್ತು ಹಾಕಿ. ಮುಂದೆ ಕ್ಯೂಬ್ (ಗಟ್ಟಿತನ ಪರೀಕ್ಷಿಸಲು ಅದೇ ಕಾಂಕ್ರೀಟಿನಲ್ಲಿ ಅಚ್ಚು ಹಾಕಿದ ಚೌಕ ತುಂಡು) ಫೇಲ್ ಆದರೆ ಇಡೀ ತಾರಸಿಯನ್ನು ಅನುಮಾನಿಸುವುದು ತಪ್ಪುತ್ತದೆ. ಗಾಡಿಯಲ್ಲಿ ಯಾರಾದರೂ "ಸ್ವಲ್ಪ ತೆಳ್ಳಗೆ ಮಾಡಿ" ಅಂತ ನೀರು ಹಾಕಿಸಿದರೆ ಯಾರು, ಯಾವ ಗಾಡಿ ಅಂತ ಬರೆಯಲೇಬೇಕು.

ಕ್ಯೂಬ್ ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ ಲೆಕ್ಕ ಇದೆ. 5 ಘನ ಮೀಟರ್ ತನಕ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು, 31ರಿಂದ 50ಕ್ಕೆ ನಾಲ್ಕು. ಒಂದು ಸ್ಯಾಂಪಲ್ ಅಂದರೆ ಮೂರು ಕ್ಯೂಬ್. ಮೇಲೆ ಹೇಳಿದ ತಾರಸಿಗೆ ಆರು ಕ್ಯೂಬ್ ಆಯಿತು. 7 ದಿನಕ್ಕೂ ನೋಡಬೇಕು ಅಂದರೆ ಅದಕ್ಕೆ ಬೇರೆ ತೆಗೆಯಿರಿ. ಕ್ಯೂಬಿನ ಮೇಲೆ ತಾರೀಖು ಗೀಚಿ, ಅದೇ ಗುರುತನ್ನು ಡೈರಿಯಲ್ಲಿ ಹಾಕಿ. 28ನೇ ದಿನದ ಪುಟದಲ್ಲಿ ಈಗಲೇ "ಕ್ಯೂಬ್ ಟೆಸ್ಟ್" ಅಂತ ಪೆನ್ಸಿಲ್ಲಲ್ಲಿ ಬರೆದಿಡಿ. ಇದನ್ನು ಮರೆಯದವರನ್ನು ನಾನು ಕಂಡಿಲ್ಲ.

ಸೆಂಟ್ರಿಂಗ್ ಬಿಚ್ಚೋ ತಾರೀಖು ಬರೆಯೋದ್ರಿಂದ ಏನು ಲಾಭ?

ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಕೊಡುವ ಹಲಗೆ, ಆಸರೆ. ಸೆಂಟ್ರಿಂಗ್‌ನವರಿಗೆ ಹಲಗೆ ಬೇರೆ ಸೈಟಿಗೆ ಬೇಕಿರುತ್ತದೆ, ಅವಸರ ಮಾಡುತ್ತಾರೆ. ಹಾಕಿದ ತಾರೀಖು ಬರೆದಿದ್ದರೆ ವಾದವೇ ಇಲ್ಲ. ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟ್ ಆಗಿದ್ದು, ಚಳಿ 15 ಡಿಗ್ರಿಗಿಂತ ಇಳಿಯದಿದ್ದರೆ, ತಾರಸಿಯ ಆಸರೆಗಳನ್ನು, ತಾರಸಿ ಕೂತ ಗೋಡೆ ಅಥವಾ ಬೀಮುಗಳ ನಡುವಿನ ಅಂತರ 4.5 ಮೀಟರಿನವರೆಗೆ ಇದ್ದರೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಬಿಡಬೇಕು. ಬೀಮಿಗೆ 6 ಮೀಟರ್ ತನಕ 14, ಮೇಲಾದರೆ 21. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಹಾಕಿದ್ದರೆ ಇನ್ನಷ್ಟು ದಿನ ತಡೆಯಿರಿ. ಮನೆ ಕೆಲಸದಲ್ಲಿ ಈಗ ಪಿಪಿಸಿಯೇ ಜಾಸ್ತಿ.

ನೀರು ಹೊಡೆದಿದ್ದನ್ನೂ ಬರೀಬೇಕಾ?

ಬರೆಯಿರಿ. ಯಾರು, ಎಷ್ಟು ಹೊತ್ತಿಗೆ, ಅಷ್ಟು ಸಾಕು. ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10, ಸಾಧ್ಯವಾದರೆ 14. ಭಾನುವಾರದ ಸಾಲನ್ನು ನೋಡಿ, ಅಲ್ಲಿ ಖಾಲಿ ಇದ್ದರೆ ಅವತ್ತು ತಾರಸಿ ಒಣಗಿತ್ತು ಅಂತಲೇ ಅರ್ಥ.

## ಫೋಟೋ ಮತ್ತು ಫೋನು

ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಇದೆ. ಮತ್ತೆ ಪುಸ್ತಕ ಯಾಕೆ?

ಗ್ರೂಪಲ್ಲಿ ಎಲ್ಲ ಇದೆ, ಹುಡುಕಲು ಹೋದರೆ ಏನೂ ಸಿಗಲ್ಲ. ಶುಭೋದಯದ ಹೂವು, ಟೈಲ್ಸ್ ಡಿಸೈನ್, ಯಾರದೋ ಹುಟ್ಟುಹಬ್ಬ, ಇವುಗಳ ನಡುವೆ "ಓಕೆ ಮಾಡಿ" ಅಂತ ಒಂದು ಸಾಲು. ಯಾವುದಕ್ಕೆ ಓಕೆ? ಜೊತೆಗೆ ಫೋನ್ ಹಾಳಾಗುತ್ತದೆ, ಮೆಸೇಜ್ ಡಿಲೀಟ್ ಆಗುತ್ತದೆ, ಹಳೇ ಫೋಟೋ ತೆರೆಯುವುದಿಲ್ಲ. ವಾಟ್ಸಾಪನ್ನು ಒಪ್ಪಿಗೆ ತಗೊಳ್ಳಲು ಬಳಸಿ. ದಾಖಲೆ ಪುಸ್ತಕದಲ್ಲಿರಲಿ. ಮುಖ್ಯವಾದ ಮೆಸೇಜ್ ಬಂದ ದಿನ ಡೈರಿಯಲ್ಲಿ "ಸಂಜೆ 6:05ರ ಮೆಸೇಜ್" ಅಂತ ಒಂದು ಸಾಲು ಹಾಕಿ, ತಿಂಗಳಿಗೊಮ್ಮೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಕಳಿಸಿಕೊಳ್ಳಿ.

ದಿನಾ ನೂರು ಫೋಟೋ ತೆಗೀತೀವಿ. ನಿಜವಾಗಿ ಯಾವುದು ಬೇಕು?

ಮುಚ್ಚಿಹೋಗುವಂಥದ್ದು. ಪಾಯದ ತಳ, ಕಂಬಿ ಕಟ್ಟಿದ್ದು, ಗೋಡೆಯೊಳಗಿನ ಪೈಪು, ಬಾತ್‌ರೂಮಿನ ವಾಟರ್‌ಪ್ರೂಫಿಂಗ್. ಇವು ಸಿಕ್ಕರೆ ಉಳಿದ ತೊಂಬತ್ತು ಇಲ್ಲದಿದ್ದರೂ ನಡೆಯುತ್ತದೆ.

ನನ್ನ ಸ್ವಂತ ಮನೆಯದ್ದೇ ಕಥೆ ಕೇಳಿ. ಊರವರ ಮನೆಗೆಲ್ಲ ಫೋಟೋ ತೆಗೆಸುವ ನಾನು, ನನ್ನ ಬಾತ್‌ರೂಮಿನ ಪೈಪ್ ಹಾಕಿದ ದಿನ ಬೇರೆ ಸೈಟಲ್ಲಿದ್ದೆ. ಮರುದಿನ ಹೋಗುವಷ್ಟರಲ್ಲಿ ಪ್ಲಾಸ್ಟರಿಂಗ್ ಆಗಿತ್ತು. ಗೀಸರ್ ಕೂರಿಸಲು ಬಂದ ಹುಡುಗ "ಸಾರ್, ಇಲ್ಲಿ ಪೈಪ್ ಇದೆಯಾ?" ಅಂತ ಕೇಳಿದ. ಇಲ್ಲ ಅಂತ ಧೈರ್ಯವಾಗಿ ಅಂದೆ. ಡ್ರಿಲ್ ಒಳಗೆ ಹೋಯಿತು, ನೀರು ಹೊರಗೆ ಚಿಮ್ಮಿತು. ನಾಲ್ಕು ಟೈಲ್ಸ್ ಒಡೆದೆವು. ಆ ಬಣ್ಣ ಆಮೇಲೆ ಸಿಗಲಿಲ್ಲ. ಈಗಲೂ ಆ ಗೋಡೆಯಲ್ಲಿ ನಾಲ್ಕು ಬೇರೆ ಬಿಳಿ.

ಫೋಟೋದಲ್ಲಿ ಟೇಪ್ ಇರಲಿ. ಒಂದು ಮೂಲೆಯಿಂದ ಪೈಪಿಗೆ ಎಷ್ಟು, ನೆಲದಿಂದ ಎಷ್ಟು ಅಂತ ಅಂಕಿ ಓದಲು ಬರಬೇಕು. ಬರೀ ಹತ್ತಿರದಿಂದ ತೆಗೆದರೆ ಯಾವ ಗೋಡೆ ಅಂತ ಗೊತ್ತಾಗಲ್ಲ, ಮೊದಲು ದೂರದಿಂದ ಬಾಗಿಲೋ ಕಿಟಕಿಯೋ ಕಾಣುವ ಹಾಗೆ ಒಂದು ತೆಗೆಯಿರಿ.

## ಜಗಳ, ಬಿಲ್ಲು, ಕೋರ್ಟು

ಓನರ್ ಬಾಯಲ್ಲಿ ಹೇಳಿ ಬದಲಾವಣೆ ಮಾಡಿಸಿದ್ರು. ಈಗ ಎಕ್ಸ್‌ಟ್ರಾ ದುಡ್ಡು ಕೊಡಲ್ಲ ಅಂತಾರೆ. ಏನ್ಮಾಡ್ಲಿ?

ಮೇಲೆ ತೋರಿಸಿದ ಪುಟದ ಕಿಟಕಿ ನೆನಪಿದೆಯಲ್ಲ. ಆ ಒಂದು ಅಡಿ ಕೊನೆಗೆ ಗ್ರಿಲ್, ಗಾಜು, ಗ್ರಾನೈಟ್, ಲಿಂಟಲ್ ಎಲ್ಲವನ್ನೂ ಎಳೆದುಕೊಂಡು ಬಿಲ್ಲಿನಲ್ಲಿ ಬಂತು. ಓನರ್ "ನಾನು ಯಾವಾಗ ಹೇಳಿದೆ?" ಅಂದರು. ಸುಳ್ಳು ಹೇಳುತ್ತಿರಲಿಲ್ಲ ಪಾಪ, ಮರೆತಿದ್ದರು. ಪುಟ 63 ತೋರಿಸಿದೆ, ಅವತ್ತಿನ ವಾಟ್ಸಾಪ್ ತೋರಿಸಿದೆ. ಎರಡು ನಿಮಿಷದಲ್ಲಿ ಮುಗಿಯಿತು.

ನಿಮ್ಮ ಹತ್ತಿರ ಹಾಗೇನೂ ಇಲ್ಲದಿದ್ದರೆ ಈಗ ಕೂತು ಹಳೇ ತಾರೀಖು ಹಾಕಿ ಬರೆಯಬೇಡಿ. ಇರುವ ಫೋಟೋ, ಅಂಗಡಿ ಬಿಲ್ಲು, ಮೊದಲಿನ ಡ್ರಾಯಿಂಗ್ ಇಟ್ಟುಕೊಂಡು ಮಾತಾಡಿ. ಇನ್ನು ಮುಂದೆ ಬದಲಾವಣೆ ಹೇಳಿದ ಸಂಜೆಯೇ ಏನು ಬದಲು, ಸುಮಾರು ಎಷ್ಟು ಖರ್ಚು, ಎಷ್ಟು ದಿನ ಅಂತ ಮೂರು ಸಾಲು ಕಳಿಸಿ. ಉತ್ತರ ಬಂದ ಮೇಲೆ ಕೆಲಸ ಮುಟ್ಟಿ.

ಒಂದು ವಾರದ್ದು ಒಟ್ಟಿಗೆ ಬರೀಬಹುದಾ? ತಪ್ಪಾದ್ರೆ ಹೇಗೆ ತಿದ್ದೋದು?

ಒಟ್ಟಿಗೆ ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಏಳು ದಿನಕ್ಕೂ ಒಂದೇ ಪೆನ್ನು, ಒಂದೇ ಓರೆ, ಆಳಿನ ಸಂಖ್ಯೆ ಏಳು ದಿನವೂ ಆರು. ನಿಜವಾದ ಡೈರಿಯಲ್ಲಿ ಒಂದು ದಿನ ಮಳೆ ಹನಿ ಬಿದ್ದು ಶಾಯಿ ಹರಡಿರುತ್ತದೆ, ಇನ್ನೊಂದು ದಿನ ಟೀ ಲೋಟದ ಗುರುತಿರುತ್ತದೆ. ಎರಡು ದಿನ ಬಿಟ್ಟುಹೋದರೆ "12 ಮತ್ತು 13ರದ್ದು 14ರಂದು ಬರೆದದ್ದು" ಅಂತ ಮೇಲೆ ಹಾಕಿ ಬರೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ.

ತಪ್ಪಾದರೆ ಒಂದೇ ಗೆರೆ ಹೊಡೆಯಿರಿ. ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ಸಹಿ, ತಾರೀಖು. ವೈಟ್ನರ್ ಬೇಡ. ಪುಟ ಹರಿಯುವುದಂತೂ ಬೇಡವೇ ಬೇಡ. ಅದಕ್ಕೇ ನಾನು ಪುಸ್ತಕ ತಂದ ದಿನವೇ ಮೊದಲಿಂದ ಕೊನೆಯವರೆಗೆ ಪುಟದ ನಂಬರ್ ಹಾಕಿಬಿಡುತ್ತೇನೆ.

ನಮ್ಮದೇ ತಪ್ಪನ್ನ ನಾವೇ ಡೈರೀಲಿ ಬರ್ಕೋಬೇಕಾ? ನಾಳೆ ನಮಗೇ ತಿರುಗಿಬಿದ್ರೆ?

ಇದನ್ನು ಎಲ್ಲರಿಗಿಂತ ಹೆಚ್ಚು ಕೇಳುವವರು ಕಾಂಟ್ರಾಕ್ಟರ್ ಕಡೆಯ ಹುಡುಗರು. ನನ್ನ ಉತ್ತರ: ಬರೆಯಿರಿ.

ತುಮಕೂರು ಕಡೆ ಒಂದು ಮನೆ ಮಾಡುತ್ತಿದ್ದಾಗ ಕಾಲಂ ಹಾಕುವ ಮಧ್ಯೆ ವೈಬ್ರೇಟರ್ ಕೆಟ್ಟಿತು. ಇಪ್ಪತ್ತು ನಿಮಿಷ ಕಂಬಿಯಲ್ಲಿ ಚುಚ್ಚಿ ಚುಚ್ಚಿ ಹಾಕಿದೆವು. ಮರುದಿನ ಹಲಗೆ ಬಿಚ್ಚಿದರೆ ಒಂದು ಕಾಲಮ್ಮಿನ ಬುಡದಲ್ಲಿ ಒಂದು ಅಡಿ ಜೇನುಗೂಡು, ಜಲ್ಲಿ ಎದ್ದು ಕಾಣುತ್ತಿತ್ತು. ಮೇಸ್ತ್ರಿ ಗಾರೆ ಮೆತ್ತಿ ಮುಚ್ಚಲು ಹೊರಟಿದ್ದರು. ತಡೆದೆ, ಸ್ಟ್ರಕ್ಚರಲ್ ಇಂಜಿನಿಯರಿಗೆ ಫೋಟೋ ಕಳಿಸಿದೆ. ಅವರು ಹೇಳಿದ ಹಾಗೆ ಸಡಿಲ ಭಾಗ ಕೆತ್ತಿ, ಗ್ರೌಟ್ ಹಾಕಿದೆವು. ಎಲ್ಲವನ್ನೂ ಬರೆದೆ. ವೈಬ್ರೇಟರ್ ಕೆಟ್ಟದ್ದು ಸೇರಿ, ಬದಲಿ ವೈಬ್ರೇಟರ್ ತರಿಸದೇ ಇದ್ದದ್ದು ನನ್ನ ತಪ್ಪು ಅನ್ನುವುದೂ ಸೇರಿ.

ಎರಡು ವರ್ಷ ಆದ ಮೇಲೆ ಗೋಡೆಯಲ್ಲಿ ತೇವ ಕಾಣಿಸಿತು. ಓನರ್ ಕಡೆಯಿಂದ ಅವರ ಭಾವ ಬಂದರು, ರಿಟೈರ್ಡ್ ಇಂಜಿನಿಯರ್. ಬಾಯಿಗೆ ಬಂದಂತೆ ಬೈದು, ಪುಸ್ತಕ ಕೊಡಿ ಅಂದರು. ಕೊಟ್ಟೆ. ಪುಟ ತಿರುವುತ್ತಾ ತಿರುವುತ್ತಾ ಕಾಲಮ್ಮಿನ ಪುಟಕ್ಕೆ ಬಂದು ನಿಂತರು. "ಇದನ್ನೂ ಬರೆದಿದ್ದೀರಾ?" ಅಂದರು. ಆಮೇಲೆ ದನಿ ಇಳಿಯಿತು. ಆ ತೇವ ಪಕ್ಕದ ಸೈಟಿನ ಮಣ್ಣಿನಿಂದ ಅಂತ ನಾವು ಬರೆದುಕೊಟ್ಟಿದ್ದ ಸಾಲನ್ನು ಮೊದಲು ಓದಿದಾಗ ನಕ್ಕಿದ್ದರು. ಎರಡನೇ ಸಲ ಓದಿ, ಎದ್ದು ಹೋಗಿ ಕಾಂಪೌಂಡ್ ಹತ್ತಿರ ನೋಡಿಕೊಂಡು ಬಂದರು.

ಕೋರ್ಟಲ್ಲಿ ಸೈಟ್ ಡೈರಿ ನಿಲ್ಲುತ್ತಾ?

ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದೇ ಸಾಲದು. 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವ್ಯವಹಾರದಲ್ಲಿ ಕ್ರಮವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕದ ನಮೂದುಗಳನ್ನು ಕೋರ್ಟ್ ಪರಿಗಣಿಸಬಹುದು, ಆದರೆ ಬರೀ ಅದರ ಮೇಲೆ ಒಬ್ಬರ ತಲೆಗೆ ಹೊಣೆ ಕಟ್ಟಲಾಗದು ಅನ್ನುವ ಹಳೇ ತತ್ವ ಅದರಲ್ಲೂ ಇದೆ. ಆದ್ದರಿಂದ ಡೈರಿಯ ಜೊತೆ ಚಲನ್, ಬಿಲ್ಲು, ಫೋಟೋ ಇರಬೇಕು, ಬರೆದವರು ಬಂದು ಹೇಳಬೇಕು. ಸಾಕ್ಷಿ ಹೇಳುವಾಗ ನೆನಪು ತಂದುಕೊಳ್ಳಲು ತಾನೇ ಬರೆದದ್ದನ್ನು ನೋಡಿಕೊಳ್ಳುವುದಕ್ಕೂ ಅವಕಾಶ ಇದೆ. ಆದರೆ ಆ ಬರಹ ಘಟನೆ ನಡೆದಾಗಲೋ ಅದರ ಹಿಂದೆಯೇ ಬರೆದದ್ದೋ ಆಗಿರಬೇಕು. ಅವತ್ತಿನದು ಅವತ್ತೇ ಬರೆಯಿರಿ ಅನ್ನುವುದಕ್ಕೆ ಇದೂ ಒಂದು ಕಾರಣ.

ವಾಟ್ಸಾಪ್, ಫೋಟೋ, ಎಕ್ಸೆಲ್ ಹಾಳೆ ಹಾಜರುಪಡಿಸಲು ಇದೇ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕಾಗುತ್ತದೆ. ಆ ಹಂತಕ್ಕೆ ಬಂದಿದ್ದರೆ ವಕೀಲರನ್ನು ಕಾಣಿ. ಮೂಲ ಫೋನನ್ನು ಮಾತ್ರ ಮಾರಬೇಡಿ.

## ದೊಡ್ಡ ಕೆಲಸದವರಿಗೆ

ಸರ್ಕಾರಿ ಕೆಲಸದಲ್ಲಿ ಎಂ.ಬಿ. ಬರೀತಾರಲ್ಲ. ಸೈಟ್ ಡೈರಿಗೂ ಅದಕ್ಕೂ ಏನು ವ್ಯತ್ಯಾಸ?

ಎಂ.ಬಿ., ಅಂದರೆ ಮೆಷರ್ಮೆಂಟ್ ಬುಕ್, ದುಡ್ಡಿನ ಪುಸ್ತಕ. ಉದ್ದ, ಅಗಲ, ಎತ್ತರ, ಪ್ರಮಾಣ. ಇಲಾಖೆಯ ಜೆಇ (ಜೂನಿಯರ್ ಇಂಜಿನಿಯರ್) ಅಥವಾ ಎಇ (ಅಸಿಸ್ಟೆಂಟ್ ಇಂಜಿನಿಯರ್) ಬರೆಯುತ್ತಾರೆ, ಮೇಲಿನವರು ಚೆಕ್ ಮೆಷರ್ಮೆಂಟ್ ಮಾಡುತ್ತಾರೆ, ಅದರ ಮೇಲೆ ಬಿಲ್ ಆಗುತ್ತದೆ. ಅದು ಎಷ್ಟು ಆಯಿತು ಅಂತ ಹೇಳುತ್ತದೆ. ಹೇಗೆ ಆಯಿತು, ಯಾಕೆ ತಡ ಆಯಿತು ಅಂತ ಹೇಳುವುದಿಲ್ಲ. ಅದಕ್ಕೇ ಸರ್ಕಾರಿ ಕೆಲಸದಲ್ಲಿ ಬೇರೆ ಪುಸ್ತಕಗಳೂ ಇರುತ್ತವೆ: ಇಂಜಿನಿಯರ್ ಸೂಚನೆ ಬರೆಯುವ ಸೈಟ್ ಆರ್ಡರ್ ಬುಕ್, ಸಿಮೆಂಟ್ ರಿಜಿಸ್ಟರ್, ಕೆಲಸ ನಿಂತದ್ದಕ್ಕೆ ಹಿಂಡ್ರೆನ್ಸ್ ರಿಜಿಸ್ಟರ್. ಕಾಂಟ್ರಾಕ್ಟರ್ ಆದವರು ಇವಕ್ಕೆ ಸಹಿ ಹಾಕುವ ಮುಂಚೆ ತಮ್ಮ ಡೈರಿ ಜೊತೆ ತಾಳೆ ನೋಡಲಿ. ಒಂದರಲ್ಲಿ 8ನೇ ತಾರೀಖು, ಇನ್ನೊಂದರಲ್ಲಿ 11 ಅಂತ ಇದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಡ್ರಾಯಿಂಗ್ ಬರದೆ, ಮಳೆ ಬಂದು, ಜಾಗ ಬಿಡಿಸಿಕೊಡದೆ ಕೆಲಸ ನಿಂತ್ರೆ ಟೈಮ್ ಎಕ್ಸ್‌ಟೆನ್ಷನ್‌ಗೆ ಹೇಗೆ ಬರೀಬೇಕು?

ಪ್ರತಿಯೊಂದು ಅಡಚಣೆಗೂ ನಾಲ್ಕು ವಿಷಯ: ಶುರುವಾದ ದಿನ, ಬಿಟ್ಟ ದಿನ, ಯಾವ ಕೆಲಸಕ್ಕೆ ತೊಂದರೆ, ಆ ಹೊತ್ತಲ್ಲಿ ಎಷ್ಟು ಆಳು, ಯಾವ ಮೆಷಿನ್ ಸುಮ್ನೆ ಕೂತಿತ್ತು. ಜಾಸ್ತಿ ಜನ ಎಡವುವುದು ದಿನಗಳು ಒಂದರ ಮೇಲೊಂದು ಬಿದ್ದಾಗ. ಡ್ರಾಯಿಂಗಿಗೆ 1ರಿಂದ 20, ಮಳೆಗೆ 15ರಿಂದ 25 ಅಂದರೆ ಒಟ್ಟು 31 ದಿನ ಆಗಲ್ಲ. 15ರಿಂದ 20ರ ಆರು ದಿನ ಎರಡರಲ್ಲೂ ಇದೆ, ನಿವ್ವಳ 25. ಕೂಡಿಸಿ 31 ಕೇಳಿದರೆ ಉಳಿದ 25ರ ಮೇಲೂ ಅನುಮಾನ ಬರುತ್ತದೆ.

ಮಳೆ ಅಂದರೆ ಜೂನಲ್ಲಿ ಮಳೆ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಮಲೆನಾಡಲ್ಲಿ ಕೆಲಸ ಹಿಡಿದು ಮಳೆಗಾಲವೇ ಅಡಚಣೆ ಅಂದರೆ ಯಾರೂ ಕೇಳಲ್ಲ. ಯಾವ ದಿನ ಎಷ್ಟು ಹೊತ್ತು, ಯಾವ ಕೆಲಸ ನಿಂತಿತು ಅನ್ನುವುದೇ ಬೇಕು. ಒಳಗೆ ಪ್ಲಾಸ್ಟರಿಂಗ್ ನಡೆಯುತ್ತಿದ್ದರೆ ಅದನ್ನೂ ಬರೆಯಿರಿ.

ಡೈರಿಯಲ್ಲಿ ಬರೆದರೆ ನೋಟಿಸ್ ಕೊಟ್ಟ ಹಾಗಲ್ಲ. ಕರಾರಿನಲ್ಲಿ ಇಷ್ಟು ದಿನದೊಳಗೆ ಪತ್ರ ಬರೆಯಬೇಕು ಅಂತ ಇರುತ್ತದೆ. ದೊಡ್ಡ ಕೆಲಸಗಳಿಗೆ ಬಳಸುವ ಅಂತಾರಾಷ್ಟ್ರೀಯ ಮಾದರಿಯ ಫಿಡಿಕ್ ಕರಾರುಗಳಲ್ಲಿ 28 ದಿನ. ಡೈರಿ ಇದ್ದೂ ಪತ್ರ ಬರೆಯದೆ ಕಳೆದುಕೊಂಡವರು ಬಹಳ ಜನ.

ಅಪಾರ್ಟ್‌ಮೆಂಟ್ ಕಟ್ತಿದ್ದೀವಿ. ರೇರಾಗೆ ಇದರಿಂದ ಏನಾದ್ರೂ ಇದೆಯಾ?

ರೇರಾ, ಅಂದರೆ ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆ ಇರುವ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ, ನೇರವಾಗಿ ಡೈರಿ ಕೊಡಿ ಅಂತ ಇಲ್ಲ. ಆದರೆ ಖರೀದಿದಾರರಿಂದ ಬಂದ ದುಡ್ಡಿನ 70 ಪರ್ಸೆಂಟ್ ಬೇರೆ ಖಾತೆಯಲ್ಲಿ ಇಟ್ಟು, ಕೆಲಸ ಆದಷ್ಟಕ್ಕೆ ಮಾತ್ರ ತೆಗೆಯಬೇಕು. ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಸರ್ಟಿಫಿಕೇಟ್ ಕೊಡಬೇಕು. ಮೂರು ತಿಂಗಳಿಗೊಮ್ಮೆ ಪ್ರಗತಿ ಹಾಕಬೇಕು. ಡೈರಿ ಇಲ್ಲದ ಸೈಟಿನ ಸರ್ಟಿಫಿಕೇಟಿಗೆ ನಾನಂತೂ ಸಹಿ ಹಾಕುವುದಿಲ್ಲ.

ಕೆಲಸ ಮುಗೀತು. ಪುಸ್ತಕ ಎಷ್ಟು ವರ್ಷ ಇಟ್ಕೋಬೇಕು?

ಮಾಡಿದ ಕೆಲಸದ ದುಡ್ಡು ಬರಬೇಕು ಅಂತ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಗಡುವು. ರೇರಾದಲ್ಲಿ, ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ ಸರಿ ಮಾಡಿಕೊಡಬೇಕು. ಹಾಗಾಗಿ ನಾನು ಎಂಟು ವರ್ಷ ಇಡುತ್ತೇನೆ. ಮನೆ ಓನರ್ ಆದರೆ ಮನೆ ಇರುವ ತನಕ ಇಡಿ, ಪೈಪಿನ ಫೋಟೋ ಹದಿನೈದು ವರ್ಷ ಆದ ಮೇಲೂ ಬೇಕಾಗುತ್ತದೆ. ಗೆದ್ದಲು ಬರದ ಕಡೆ, ತಗಡಿನ ಡಬ್ಬಿಯಲ್ಲಿ.

ಒಂದು ಮಾತ್ರ ಈಗಲೇ ಮಾಡಿ. ಲಾರಿ ತೂಗುವ ವೇಬ್ರಿಡ್ಜ್ ಚೀಟಿ, ಎಷ್ಟೋ ಅಂಗಡಿ ಬಿಲ್ಲುಗಳು ಬಸ್ ಟಿಕೆಟಿನ ಥರದ ನುಣುಪು ಕಾಗದದಲ್ಲಿ ಬರುತ್ತವೆ. ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಆಗಿಬಿಡುತ್ತವೆ. ಬಂದ ವಾರವೇ ಜೆರಾಕ್ಸ್ ಮಾಡಿಸಿ, ಮೂಲದ ಪಕ್ಕದಲ್ಲೇ ಅಂಟಿಸಿ.